ಕಾಫಿಯ ಕಾಗದಗಳು: ಕೊಳವಳ್ಳಿ, ಕಣ್ಣೂರು, ಸುರಿನಾಮ್

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಭಾಗವಿದೆ.)

ನನ್ನ ದನಿ ಎಲ್ಲರಿಗೂ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೇನೆ. ಮಧ್ಯದಲ್ಲಿ ನೆಟ್‌ವರ್ಕ್ ಕಡಿದುಹೋದರೆ ಒಂದು ನಿಮಿಷ ಕಾಯಬೇಕು ಅಂತ ಕೇಳ್ಕೊಳ್ತೇನೆ. ನಾನು ಮಾತಾಡ್ತಿರೋದು ವಯನಾಡು ಜಿಲ್ಲೆಯ ಕೊಳವಳ್ಳಿಯಿಂದ. ಪುಲ್ಪಳ್ಳಿ ದಾಟಿ, ಮುಳ್ಳನ್‌ಕೊಲ್ಲಿ ಪಂಚಾಯಿತಿಯ ಅಂಚಿನಲ್ಲಿರುವ ಊರು. ಇಲ್ಲಿಗೆ ಕೇರಳ ಮುಗಿಯುತ್ತದೆ. ಕಬಿನಿಯ ಆಚೆ ದಡದಲ್ಲಿ ಬೈರಕುಪ್ಪೆ, ಅದು ಹೆಗ್ಗಡದೇವನಕೋಟೆಯ ಕಡೆ. ನಮ್ಮ ಮನೆಯ ಮಾತು ಕನ್ನಡ, ಅಂಗಡಿಯ ಮಾತು ಮಲಯಾಳಂ, ತೋಟದ ಮಾತು ಎರಡೂ ಬೆರೆತದ್ದು. ಒಣಗಿದ ಕಾಫಿ ಹಣ್ಣನ್ನು ನಾವು 'ಉಂಡಕಾಪ್ಪಿ' ಅಂತಲೇ ಕರೀತೇವೆ, ಅದನ್ನು ಹರಡುವ ಜಾಗಕ್ಕೆ ಮಾತ್ರ 'ಕಣ' ಅಂತೇವೆ.

ಈ ಸಂಕಿರಣದ ವಿಷಯ 'ಬೆಳೆ ಮತ್ತು ಚರಿತ್ರೆ'. ನನ್ನ ಪ್ರಶ್ನೆ ಇಷ್ಟು: ಕಾಫಿಯ ಚರಿತ್ರೆ ಬರೆಯುವಾಗ ನಾವು ಯಾವ ಕಾಗದಗಳನ್ನು ನೋಡ್ತೇವೆ, ಆ ಕಾಗದಗಳಲ್ಲಿ ಯಾರ ಹೆಸರು ಇರುತ್ತದೆ? ಇದನ್ನು ಕೇಳಲು ನಾನು ಎರಡು ಜಾಗಗಳನ್ನು ಜೊತೆಗಿಟ್ಟು ನೋಡಿದ್ದೇನೆ. ಒಂದು ನಮ್ಮ ವಯನಾಡು. ಇನ್ನೊಂದು ದಕ್ಷಿಣ ಅಮೆರಿಕದ ಈಶಾನ್ಯ ಕರಾವಳಿಯ ಪುಟ್ಟ ದೇಶ ಸುರಿನಾಮ್. ಕಾಫಿ ಅಂದ ಕೂಡಲೇ ಆ ಖಂಡದಲ್ಲಿ ನಮಗೆ ನೆನಪಾಗುವುದು ಬ್ರೆಜಿಲ್, ಕೊಲಂಬಿಯಾ. ಸುರಿನಾಮ್ ಯಾರಿಗೂ ನೆನಪಾಗುವುದಿಲ್ಲ. ಹಾಗೇ ಕನ್ನಡದಲ್ಲಿ ಕಾಫಿ ಅಂದರೆ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗು. ವಯನಾಡು ಆ ಪಟ್ಟಿಯಲ್ಲಿ ಬರೋದಿಲ್ಲ. ಆದರೆ ಈ ಎರಡು ಮರೆತ ಜಾಗಗಳ ನಡುವೆ ನೇರವಾದ ಒಂದು ದಾರಿ ಇದೆ.

1. ಬೀಜದ ದಾರಿ

ಬಾಬಾಬುಡನ್ ಯೆಮೆನ್‌ನ ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬ ಕಥೆ ನಮಗೆಲ್ಲ ಗೊತ್ತು. 17ನೇ ಶತಮಾನದ್ದು ಎಂದು ಹೇಳಲಾಗುವ ಆ ಕಥೆ ಜನರ ಬಾಯಲ್ಲಿ ಉಳಿದು ಬಂದದ್ದು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮಲಬಾರಿನ ಕಾಫಿಗೆ ಬೇರೆಯದೇ ಒಂದು ದಾಖಲೆಯೂ ಇದೆ, ಅದು ಡಚ್ಚರದ್ದು.

1696ರಲ್ಲಿ ಡಚ್ ಕಂಪನಿಯ ಮಲಬಾರ್ ಅಧಿಕಾರಿ ಆಡ್ರಿಯನ್ ವಾನ್ ಓಮ್ಮೆನ್ ಕಣ್ಣೂರಿನಿಂದ ಜಾವಾಕ್ಕೆ ಕಾಫಿ ಸಸಿಗಳನ್ನು ಹಡಗಿನಲ್ಲಿ ಕಳಿಸಿದ. ಆಗ ಕಣ್ಣೂರಿನ ಕೋಟೆ ಡಚ್ಚರ ಕೈಯಲ್ಲಿತ್ತು. ಬಟಾವಿಯಾ, ಅಂದರೆ ಇಂದಿನ ಜಕಾರ್ತದ ಹತ್ತಿರ ನೆಟ್ಟ ಆ ಸಸಿಗಳು ಪ್ರವಾಹಕ್ಕೆ ಸಿಕ್ಕಿ ಹಾಳಾದವು. 1699ರಲ್ಲಿ ಮಲಬಾರಿನಿಂದಲೇ ಮತ್ತೆ ಸಸಿಗಳು ಹೋದವು, ಅವು ಉಳಿದವು. 1706ರಲ್ಲಿ ಜಾವಾದ ಒಂದು ಗಿಡ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನ ತಲುಪಿತು. 1714ರಲ್ಲಿ ಅದರ ಸಂತತಿಯ ಒಂದು ಗಿಡವನ್ನು ಫ್ರಾನ್ಸಿನ ದೊರೆ 14ನೇ ಲೂಯಿಗೆ ಕಾಣಿಕೆಯಾಗಿ ಕೊಟ್ಟರು. 1718ರಲ್ಲಿ ಡಚ್ಚರು ತಮ್ಮ ವಸಾಹತು ಸುರಿನಾಮ್‌ನಲ್ಲಿ ಕಾಫಿ ಬೆಳೆಸಲು ಶುರುಮಾಡಿದರು. ಸುರಿನಾಮ್‌ನಿಂದ ಅದು ಪಕ್ಕದ ಫ್ರೆಂಚ್ ಗಯಾನಾಕ್ಕೆ ಹೋಯಿತು. ಅಲ್ಲಿಂದ 1727ರಲ್ಲಿ ಫ್ರಾನ್ಸಿಸ್ಕೊ ದೆ ಮೆಲೊ ಪಲ್ಯೇಟಾ ಎಂಬ ಅಧಿಕಾರಿ ಬ್ರೆಜಿಲ್‌ಗೆ ತಂದ.

ಅಂದರೆ ಬ್ರೆಜಿಲ್‌ನ ಮೊದಲ ಕಾಫಿ ಗಿಡದ ಹಿಂದೆ ಸುರಿನಾಮ್, ಅದರ ಹಿಂದೆ ಆಮ್‌ಸ್ಟರ್‌ಡ್ಯಾಮ್, ಅದರ ಹಿಂದೆ ಜಾವಾ, ಜಾವಾದ ಹಿಂದೆ ನಮ್ಮ ಘಟ್ಟದ ಕೆಳಗಿನ ಕಣ್ಣೂರು. ಇದನ್ನು ಕೇಳಿದಾಗ ಹೆಮ್ಮೆ ಅನಿಸುತ್ತದೆ, ನನಗೂ ಅನಿಸಿತು. ಆದರೆ ಇಲ್ಲಿ ಒಂದು ವಿಷಯ ಗಮನಿಸಿ. ಒಂದೊಂದು ಗಿಡ ಯಾವ ವರ್ಷ ಯಾವ ಊರಿನಿಂದ ಯಾವ ಊರಿಗೆ ಹೋಯಿತು, ಯಾರು ಕಳಿಸಿದರು, ಯಾರು ಪಡೆದರು ಅನ್ನೋದು 300 ವರ್ಷಗಳ ನಂತರವೂ ನಮಗೆ ಗೊತ್ತಿದೆ. ಗಿಡದ ವಂಶಾವಳಿಗೆ ಕಾಗದ ಇದೆ. ಆ ಗಿಡದ ಬುಡಕ್ಕೆ ಮಣ್ಣು ಹಾಕಿದವರದ್ದು?

2. ಸುರಿನಾಮ್: ಗಿಡದ ಹಿಂದೆ ಹೋದ ಜನ

ಸುರಿನಾಮ್‌ನಲ್ಲಿ ಕಾಫಿ ಬೆಳೆದದ್ದು ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ದುಡಿಮೆಯಿಂದ. ಸುರಿನಾಮ್ ಮತ್ತು ಕೊಮ್ಮೆವೈನ್ ನದಿಗಳ ದಡದ ಜೌಗು ನೆಲಕ್ಕೆ ಒಡ್ಡು ಕಟ್ಟಿ, ಕಾಲುವೆ ತೋಡಿ ತೋಟ ಮಾಡಿದವರು ಅವರೇ. ತಪ್ಪಿಸಿಕೊಂಡು ಒಳನಾಡಿನ ಕಾಡು ಸೇರಿದವರು ಅಲ್ಲೇ ತಮ್ಮ ಸಮುದಾಯಗಳನ್ನು ಕಟ್ಟಿಕೊಂಡರು. ಅವರನ್ನು ಮರೂನರು ಅಂತಾರೆ. ತೋಟದ ಮಾಲೀಕರು ಆಮ್‌ಸ್ಟರ್‌ಡ್ಯಾಮಿನ ಸಾಹುಕಾರರಿಂದ ಸಾಲ ತಂದು ಕಾಫಿ ಹಾಕಿದ್ದರು. 1772-73ರಲ್ಲಿ ಅಲ್ಲಿನ ಹಣದ ಪೇಟೆ ಕುಸಿದಾಗ ಎಷ್ಟೋ ತೋಟಗಳು ಸಾಲಗಾರರ ಪಾಲಾದವು.

1863ರ ಜುಲೈ 1ರಂದು ಡಚ್ಚರು ಅಲ್ಲಿ ಗುಲಾಮಗಿರಿ ರದ್ದು ಮಾಡಿದರು. ಆಗ ಬಿಡುಗಡೆಯಾದವರು 33 ಸಾವಿರಕ್ಕೂ ಹೆಚ್ಚು. ಪರಿಹಾರ ಸಿಕ್ಕಿದ್ದು ಬಿಡುಗಡೆಯಾದವರಿಗಲ್ಲ, ಮಾಲೀಕರಿಗೆ, ತಲೆಗೆ 300 ಗಿಲ್ಡರ್‌ನಂತೆ. ಬಿಡುಗಡೆಯಾದವರು ಮತ್ತೆ ಹತ್ತು ವರ್ಷ ಸರ್ಕಾರದ ನಿಗಾದಲ್ಲಿ ಕರಾರಿನ ಮೇಲೆ ದುಡಿಯಬೇಕಿತ್ತು. ಆ ಹತ್ತು ವರ್ಷ ಮುಗಿಯುವ ಹೊತ್ತಿಗೆ, 1873ರ ಜೂನ್‌ನಲ್ಲಿ, ಕಲ್ಕತ್ತದಿಂದ ಹೊರಟ 'ಲಾಲ್ಲಾ ರೂಖ್' ಹಡಗು ಭಾರತದ ಕರಾರು ಕೂಲಿಗಳನ್ನು ಹೊತ್ತು ಅಲ್ಲಿಗೆ ಹೋಯಿತು. 1916ರವರೆಗೆ ಹೀಗೆ ಹೋದವರು ಸುಮಾರು 34 ಸಾವಿರ. 1890ರಿಂದ ಜಾವಾದ ಜನರನ್ನೂ ಕರೆದೊಯ್ದರು, ಅವರೂ ಸುಮಾರು 33 ಸಾವಿರ.

ಇದನ್ನು ಬೀಜದ ದಾರಿಯ ಪಕ್ಕದಲ್ಲಿಟ್ಟು ನೋಡಿ. ಭಾರತದಿಂದ ಜಾವಾಕ್ಕೆ, ಜಾವಾದಿಂದ ಸುರಿನಾಮ್‌ಗೆ ಮೊದಲು ಗಿಡ ಹೋಯಿತು. ಒಂದೂವರೆ ಶತಮಾನದ ನಂತರ ಅದೇ ಭಾರತದಿಂದ, ಅದೇ ಜಾವಾದಿಂದ ಜನ ಹೋದರು. ಹೋದವರು ದುಡಿದದ್ದು ಹೆಚ್ಚಾಗಿ ಕಬ್ಬಿನ ತೋಟಗಳಲ್ಲಿ, ಕಾಫಿ ಆ ಹೊತ್ತಿಗೆ ಹಿಂದೆ ಬಿದ್ದಿತ್ತು. ಇಂದು ಜಗತ್ತಿನ ಕಾಫಿ ಲೆಕ್ಕದಲ್ಲಿ ಸುರಿನಾಮ್ ಹೆಸರು ಕಾಣುವುದೇ ಕಷ್ಟ.

ಆದರೆ ಒಂದು ವಿಷಯದಲ್ಲಿ ಸುರಿನಾಮ್ ನಮಗಿಂತ ಮುಂದಿದೆ. 1830ರಿಂದ 1863ರವರೆಗಿನ ಅಲ್ಲಿನ ಗುಲಾಮರ ರಿಜಿಸ್ಟರುಗಳು ಉಳಿದಿವೆ. ಇತ್ತೀಚೆಗೆ ಅವನ್ನು ಡಿಜಿಟಲ್ ಮಾಡಿ ಎಲ್ಲರೂ ನೋಡುವ ಹಾಗೆ ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ಭಾರತೀಯ ಕರಾರು ಕೂಲಿಗಳ ದಾಖಲೆಗಳಿಗೆ 2011ರಲ್ಲಿ ಯುನೆಸ್ಕೊದ 'ವಿಶ್ವದ ಸ್ಮೃತಿ' ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಹೆಸರು, ಊರು, ಹಡಗು ಎಲ್ಲ ಅದರಲ್ಲಿವೆ. ಇವು ವಸಾಹತು ಸರ್ಕಾರ ತನ್ನ ಲೆಕ್ಕಕ್ಕಾಗಿ ಬರೆಸಿದ ಕಾಗದಗಳು, ಅದನ್ನು ಮರೆಯೋ ಹಾಗಿಲ್ಲ. ಆದರೂ ಪಾರಮಾರಿಬೊದ ಒಂದು ಹುಡುಗಿ ತನ್ನ ಮುತ್ತಜ್ಜಿಯ ಅಜ್ಜಿ ಯಾವ ತೋಟದಲ್ಲಿದ್ದಳು ಅಂತ ಹುಡುಕಬಹುದು. ವಯನಾಡಿನ ಪಣಿಯರ ಹುಡುಗಿಗೆ ಹಾಗೆ ಹುಡುಕಲು ಆಗೋದಿಲ್ಲ. ಯಾಕೆ ಅನ್ನೋದು ಮುಂದಿನ ಭಾಗ.

3. ಘಟ್ಟದ ಕೆಳಗೆ, ಘಟ್ಟದ ಮೇಲೆ

ಮಲಬಾರಿನಲ್ಲಿ ಗುಲಾಮಗಿರಿಯೂ ತೋಟಗಾರಿಕೆಯೂ ಜೊತೆಯಾಗಿ ಕಾಣಿಸುವ ಒಂದು ಜಾಗ ಕಣ್ಣೂರಿನ ಹತ್ತಿರದ ಅಂಜರಕಂಡಿ. 18ನೇ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಲ್ಲಿ ಮಸಾಲೆ ತೋಟ ಮಾಡಿತು, ಮರ್ಡಾಕ್ ಬ್ರೌನ್ ಅದನ್ನು ನೋಡಿಕೊಂಡ. ದಾಲ್ಚಿನ್ನಿ, ಮೆಣಸಿನ ಜೊತೆಗೆ ಕಾಫಿಯನ್ನೂ ಅಲ್ಲಿ ಬೆಳೆಸಿದರು. 1811-12ರಲ್ಲಿ ತಲಶ್ಶೇರಿಯ ಮ್ಯಾಜಿಸ್ಟ್ರೇಟ್ ಟಿ.ಎಚ್. ಬೇಬರ್ ತನಿಖೆ ಮಾಡಿದಾಗ, ತಿರುವಾಂಕೂರಿನ ಕಡೆಯಿಂದ ಕದ್ದು ತಂದು ಮಾರಿದ ಮಕ್ಕಳು ಆ ತೋಟದಲ್ಲಿ ಸಿಕ್ಕರು. ಅಂದರೆ ಸುರಿನಾಮ್‌ನಲ್ಲಿ ನಡೀತಿದ್ದದ್ದು ನಮ್ಮ ಕಡಲ ತೀರದಲ್ಲೂ ನಡೀತಿತ್ತು.

ವಯನಾಡಿನ ಮೇಲೆ ಕಾಫಿ ಬಂದದ್ದು 1820ರ ದಶಕದಲ್ಲಿ. ಮಾನಂದವಾಡಿಯಲ್ಲಿದ್ದ ಸೇನಾಧಿಕಾರಿ ಮೇಜರ್ ಬೆವನ್ ಹಾಕಿದ ಗಿಡಗಳಿಂದ ಅದು ಶುರುವಾಯಿತು ಅಂತ ಗೆಜೆಟಿಯರುಗಳು ಹೇಳುತ್ತವೆ. 1840ರ ಹೊತ್ತಿಗೆ ದೊಡ್ಡ ತೋಟಗಳು ಎದ್ದವು. ಹೋಲಿಕೆಗೆ ಹೇಳೋದಾದರೆ, ಮಡಿಕೇರಿಯಲ್ಲಿ ಫೌಲರ್ ಮೊದಲ ಯುರೋಪಿಯನ್ ತೋಟ ಮಾಡಿದ್ದು 1854ರಲ್ಲಿ. ಆ ಲೆಕ್ಕದಲ್ಲಿ ವಯನಾಡಿನ ಎಸ್ಟೇಟುಗಳು ಕೊಡಗಿನ ಎಸ್ಟೇಟುಗಳಿಗಿಂತ ಹಳೆಯವು. 1860ರ ದಶಕದಲ್ಲಿ ಕಾಂಡಕೊರಕ ಬಂತು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಮುಂದಿನ ಕೆಲವೇ ವರ್ಷಗಳಲ್ಲಿ ಇಲ್ಲಿಗೂ ಬಂತು. ಎಷ್ಟೋ ದೊರೆಗಳು ತೋಟ ಬಿಟ್ಟು ಹೋದರು. ಕೆಲವರು 1880ರ ಆಸುಪಾಸಿನಲ್ಲಿ ವಯನಾಡಿನ ಚಿನ್ನದ ಹುಚ್ಚಿಗೆ ದುಡ್ಡು ಸುರಿದು ಕಳೆದುಕೊಂಡರು. ಕೆಲವರು ಚಹಾಕ್ಕೆ ತಿರುಗಿದರು. ತುಕ್ಕು ರೋಗ ತಡೆದುಕೊಳ್ಳುವ ರೊಬಸ್ಟಾ 20ನೇ ಶತಮಾನದಲ್ಲಿ ಬಂದಮೇಲೆ ವಯನಾಡಿನಲ್ಲಿ ಕಾಫಿ ಮತ್ತೆ ಚಿಗುರಿತು. ಇಂದು ಇಲ್ಲಿರುವುದು ಬಹುತೇಕ ರೊಬಸ್ಟಾ. 1696ರಲ್ಲಿ ಕಣ್ಣೂರಿನಿಂದ ಹೋದದ್ದು ಅರೇಬಿಕಾ. ಹಾಗಾಗಿ ನಮ್ಮ ಕಣದಲ್ಲಿ ಒಣಗುವ ಕಾಫಿ ಆ ಸಸಿಗಳ ನೇರ ಸಂತತಿ ಅಲ್ಲ ಅನ್ನೋದನ್ನೂ ಹೇಳಿಬಿಡ್ತೇನೆ.

ಈ ತೋಟಗಳಿಗೆ ಆಳು ಎಲ್ಲಿಂದ? ಒಂದು ಪಾಲು ಮೈಸೂರು ಸೀಮೆಯಿಂದ ಬಂದರು. ಮೇಸ್ತ್ರಿ ಊರಿಗೆ ಹೋಗಿ ಮುಂಗಡ ಕೊಟ್ಟು ಆಳು ಕರ್ಕೊಂಡು ಬರ್ತಿದ್ದ. ಮುಂಗಡ ತಗೊಂಡು ಕೆಲಸ ಬಿಟ್ಟು ಹೋದರೆ ಅದು ಬರೀ ಸಾಲದ ವ್ಯಾಜ್ಯ ಅಲ್ಲ, ಜೈಲಿಗೆ ಕಳಿಸಬಹುದಾದ ಅಪರಾಧ. 1859ರ 13ನೇ ಕಾಯಿದೆ ಹಾಗೆ ಹೇಳುತ್ತಿತ್ತು. 1903ರಲ್ಲಿ ಮದ್ರಾಸ್ ಸರ್ಕಾರ ತೋಟದವರಿಗಾಗಿಯೇ ಪ್ರತ್ಯೇಕ ಕಾಯಿದೆ ಮಾಡಿತು. ಕನ್ನಡ ಮಾತಾಡುವ ಕೂಲಿಗಳು ವಯನಾಡಿನ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದು ಹೀಗೆ, ಕಾಯಿದೆಯ ಭಾಷೆಯಲ್ಲಿ, ಬಹುವಚನದಲ್ಲಿ.

ಇನ್ನೊಂದು ಪಾಲು ಇಲ್ಲಿಯವರೇ: ಪಣಿಯರು, ಅಡಿಯರು. ಮಾನಂದವಾಡಿಯ ಹತ್ತಿರದ ವಳ್ಳಿಯೂರುಕಾವಿನ ಜಾತ್ರೆಯಲ್ಲಿ ಜಮೀನ್ದಾರರು 'ನಿಲ್ಪು ಪಣಂ' ಎಂಬ ಸಣ್ಣ ಮೊತ್ತ ಕೊಟ್ಟು ಇವರನ್ನು ಒಂದು ವರ್ಷದ ಜೀತಕ್ಕೆ ಗೊತ್ತು ಮಾಡಿಕೊಳ್ತಿದ್ದರು. 1843ರ 5ನೇ ಕಾಯಿದೆಯ ನಂತರ ಭಾರತದ ಕೋರ್ಟುಗಳು ಗುಲಾಮಗಿರಿಯನ್ನು ಒಪ್ಪುತ್ತಿರಲಿಲ್ಲ. ಆದರೆ ಇಲ್ಲಿ ಕೋರ್ಟಿಗೆ ಹೋಗಲು ಕಾಗದವೇ ಇರಲಿಲ್ಲ. ದೇವಿಯ ಮುಂದೆ ಕೊಟ್ಟ ಮಾತೇ ಕರಾರು. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳವರೆಗೂ ಇದು ಉಳಿದಿತ್ತು. ಜೀತ ಪದ್ಧತಿ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ. ಸುರಿನಾಮ್‌ನಲ್ಲಿ ರಿಜಿಸ್ಟರ್ ಇದೆ, ವಳ್ಳಿಯೂರುಕಾವಿನಲ್ಲಿ ಇಲ್ಲ. ಪಣಿಯರ ಹುಡುಗಿ ಹುಡುಕಲಾರಳು ಅಂತ ನಾನು ಹೇಳಿದ್ದಕ್ಕೆ ಇದೇ ಕಾರಣ.

ಭಾಷೆಯ ವಿದ್ಯಾರ್ಥಿಯಾಗಿ ಇಲ್ಲಿ ಒಂದು ಮಾತು ಸೇರಿಸಬೇಕು. ಅಡಿಯರು ತಮ್ಮನ್ನು ಕರ್ಕೊಳ್ಳೋದು 'ರಾವುಳ' ಅಂತ. ಕೊಡಗಿನಲ್ಲಿ ಇದೇ ಜನರಿಗೆ 'ಯರವ' ಅನ್ನುವ ಹೆಸರು. ಪಣಿಯರಿಗೂ ಅಲ್ಲಿ 'ಪಣಿ ಯರವ' ಅಂತಾರೆ. ರಾವುಳ ನುಡಿಗೆ ಕೊಡವ ತಕ್ಕಿನ ಜೊತೆಗೂ ಕನ್ನಡದ ಜೊತೆಗೂ ಹತ್ತಿರದ ನಂಟಿದೆ. ಗಡಿಯ ಎರಡೂ ಕಡೆ ಕಾಫಿ ಕೊಯ್ದವರು ಒಂದೇ ಜನ, ಆದರೆ ಎರಡು ರಾಜ್ಯಗಳ ಕಾಗದದಲ್ಲಿ ಎರಡು ಹೆಸರು. ಕೊಡಗಿನ ಯರವರ ಬಗ್ಗೆ ಕನ್ನಡದಲ್ಲಿ ಓದುವವರು ವಯನಾಡಿನ ಅಡಿಯರ ಬಗ್ಗೆ ಮಲಯಾಳಂನಲ್ಲಿ ಬಂದದ್ದನ್ನು ನೋಡೋದಿಲ್ಲ. ಆ ಕಡೆಯವರೂ ಹಾಗೆಯೇ.

4. ಗಡಿ ಮತ್ತು ಜಮೀನಿನ ಕಾಗದ

ವಯನಾಡು ಒಂದೇ ಸೀಮೆಯಾಗಿತ್ತು. 1877ರಲ್ಲಿ ಅದರ ಆಗ್ನೇಯ ಭಾಗ, ಗೂಡಲೂರಿನ ಕಡೆ, ನೀಲಗಿರಿ ಜಿಲ್ಲೆಗೆ ಸೇರಿತು. ಉಳಿದದ್ದು ಮಲಬಾರ್ ಜಿಲ್ಲೆಯಲ್ಲೇ ಇತ್ತು. 1956ರ ನವೆಂಬರ್ 1ರಂದು ಅದು ಕೇರಳವಾಯಿತು, ಕಬಿನಿಯ ಆಚೆಯದು ಮೈಸೂರು ರಾಜ್ಯ. 1980ರಲ್ಲಿ ವಯನಾಡು ಜಿಲ್ಲೆಯಾಯಿತು. ಕಾಫಿ ಬೆಳೆಯುವ ಒಂದೇ ಬೆಟ್ಟಸಾಲು ಮೂರು ರಾಜ್ಯಗಳಿಗೆ ಹಂಚಿಹೋಯಿತು.

1930, 40ರ ದಶಕಗಳಿಂದ ತಿರುವಾಂಕೂರಿನ ಬಡ ಕೃಷಿಕರು ವಯನಾಡಿಗೆ ಗುಳೆ ಬಂದರು. ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿಯ ಕಾಡು ಕಡಿದು ಮೊದಲು ತೆರೆಹುಲ್ಲು, ಮರಗೆಣಸು, ಆಮೇಲೆ ಮೆಣಸು, ಕಾಫಿ ಹಾಕಿದರು. ಪುಲ್ಪಳ್ಳಿಯಲ್ಲಿ ದೇವಸ್ವಂ ಜಮೀನಿನಲ್ಲಿ ನೆಲೆಸಿದ್ದ ಕೃಷಿಕರನ್ನು ಒಕ್ಕಲೆಬ್ಬಿಸಲು ಹೊರಟಾಗ ಗಲಾಟೆ ಎದ್ದಿತು. 1968ರ ನವೆಂಬರ್‌ನಲ್ಲಿ ನಕ್ಸಲರು ಪುಲ್ಪಳ್ಳಿಯ ಪೊಲೀಸ್ ಕ್ಯಾಂಪಿನ ಮೇಲೆ ದಾಳಿ ಮಾಡಿದ್ದರ ಹಿನ್ನೆಲೆ ಇದು. ಅದನ್ನು ನಾವು ರಾಜಕೀಯ ಚರಿತ್ರೆಯಲ್ಲಿ ಓದ್ತೇವೆ, ಬೆಳೆಯ ಚರಿತ್ರೆಯಲ್ಲಿ ಓದೋದಿಲ್ಲ. ಆದರೆ ಅಲ್ಲಿ ಇದ್ದದ್ದು ನೆಲದ ಪ್ರಶ್ನೆ. ಪಟ್ಟೆ ಯಾರಿಗೆ ಅನ್ನೋದು.

ಕೇರಳ ಭೂಸುಧಾರಣಾ ಕಾಯಿದೆ 1963ರದ್ದು. 1969ರ ತಿದ್ದುಪಡಿಯೊಂದಿಗೆ 1970ರ ಜನವರಿ 1ರಿಂದ ಅದು ಗಟ್ಟಿಯಾಗಿ ಜಾರಿಗೆ ಬಂತು. ಜಮೀನಿಗೆ ಮಿತಿ ಹಾಕಿದ ಆ ಕಾಯಿದೆ ಪ್ಲಾಂಟೇಶನ್‌ಗಳಿಗೆ ವಿನಾಯಿತಿ ಕೊಟ್ಟಿತು. ಚಹಾ, ಕಾಫಿ, ರಬ್ಬರ್, ಏಲಕ್ಕಿ ಬೆಳೆದ ನೆಲ ಮಿತಿಯ ಲೆಕ್ಕಕ್ಕೆ ಬರಲಿಲ್ಲ. ಕರ್ನಾಟಕದ 1961ರ ಕಾಯಿದೆಯಲ್ಲೂ ಇಂಥದೇ ವಿನಾಯಿತಿ ಇದೆ. ಭತ್ತದ ಗದ್ದೆಯಲ್ಲಿ ಗೇಣಿದಾರನಿಗೆ ನೆಲ ಸಿಕ್ಕಿತು. ಕಾಫಿ ತೋಟದಲ್ಲಿ ದುಡಿದವನಿಗೆ ಕೂಲಿಯಷ್ಟೇ ಉಳಿಯಿತು. ಯಾವ ಗಿಡ ನಿಂತಿದೆ ಅನ್ನುವುದರ ಮೇಲೆ ನೆಲ ಯಾರದ್ದು ಅನ್ನೋದು ತೀರ್ಮಾನ ಆಯಿತು. ಕಾಫಿಯನ್ನು ನಾವು ಪಾನೀಯ, ಸಂಸ್ಕೃತಿ, ರಫ್ತು ಅಂತೆಲ್ಲ ಹೇಳ್ತೇವೆ. ನನ್ನ ಪ್ರಕಾರ ಅದು ನೆಲವನ್ನು ಕಾಯುವ ಒಂದು ಕಾಗದ ಕೂಡ.

ಕನ್ನಡದ ಮನೆಗಳೂ ಈ ಚಿತ್ರದಲ್ಲಿ ಒಂದೇ ಕಡೆ ಇಲ್ಲ. ವಯನಾಡಿನ ಜೈನ ಗೌಡರು ಹಿಂದೆ ಕನ್ನಡ ನಾಡಿನಿಂದ ಬಂದ ಮನೆತನಗಳವರು, ದೊಡ್ಡ ಕಾಫಿ ಬೆಳೆಗಾರರು. ಕಲ್ಪೆಟ್ಟದ ಎಂ.ಕೆ. ಪದ್ಮಪ್ರಭಾ ಗೌಡರ್ ಬೆಳೆಗಾರರೂ ಹೌದು, ಸಮಾಜವಾದಿ ನಾಯಕರೂ ಹೌದು. ಅವರ ಮಗ ಎಂ.ಪಿ. ವೀರೇಂದ್ರಕುಮಾರ್ (1936-2020) ಸಂಸದರಾಗಿ, ಮಲಯಾಳಂ ಲೇಖಕರಾಗಿ, 'ಮಾತೃಭೂಮಿ'ಯ ಮುಖ್ಯಸ್ಥರಾಗಿ ಹೆಸರಾದವರು. ಅದೇ ವಯನಾಡಿನಲ್ಲಿ ಜೇನು ಕುರುಬರ ಹತ್ತಿರದ ಬಂಧುಗಳಾದ ಕಾಟ್ಟುನಾಯಕರು ಕನ್ನಡಕ್ಕೆ ತೀರ ಸಮೀಪದ ನುಡಿಯಾಡುತ್ತಾ, ತೋಟಗಳ ಅಂಚಿನಲ್ಲಿ, ಕಾಡಿನಲ್ಲಿ ಇದ್ದಾರೆ. 'ವಯನಾಡಿನ ಕನ್ನಡಿಗರು' ಅಂತ ಒಂದೇ ಪದ ಬಳಸಿದರೆ ಈ ಅಂತರ ಕಾಣದೇ ಹೋಗುತ್ತದೆ.

5. ದರ ಎಲ್ಲಿಂದ ಬರುತ್ತದೆ

ಕೊಳವಳ್ಳಿಯಲ್ಲಿ ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಿದ್ದರೆ ಕಾಫಿ ಹೂ ಅರಳುತ್ತದೆ. ವಯನಾಡಿನ ಪಶ್ಚಿಮದ ಅಂಚಿನಲ್ಲಿ ಸುರಿಯುವಷ್ಟು ಮಳೆ ಈ ಪೂರ್ವದ ಕಡೆ ಸುರಿಯೋದಿಲ್ಲ. ಹೂಮಳೆ ತಪ್ಪಿದರೆ ಆ ವರ್ಷದ ಫಸಲು ತಪ್ಪಿತು ಅಂತಲೇ ಲೆಕ್ಕ. ಆದರೆ ಫಸಲು ಬಂದರೂ ಅದರ ದರ ಇಲ್ಲಿ ಹುಟ್ಟೋದಿಲ್ಲ.

ದಕ್ಷಿಣ ಅಮೆರಿಕ ಮತ್ತೆ ನಮ್ಮ ಕಥೆಗೆ ಬರುವುದು ಇಲ್ಲಿಯೇ. 1906ರಲ್ಲಿ ಬ್ರೆಜಿಲ್‌ನ ರಾಜ್ಯಗಳು ದರ ಬೀಳದ ಹಾಗೆ ಕಾಫಿ ಕೊಂಡು ದಾಸ್ತಾನು ಮಾಡಲು ತೀರ್ಮಾನಿಸಿದವು. 1962ರಲ್ಲಿ ಬೆಳೆಯುವ ದೇಶಗಳೂ ಕುಡಿಯುವ ದೇಶಗಳೂ ಸೇರಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ಮಾಡಿಕೊಂಡವು. ನಮ್ಮಲ್ಲಿ 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. 1989ರ ಜುಲೈನಲ್ಲಿ ಅಂತಾರಾಷ್ಟ್ರೀಯ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು, ದರ ಕುಸಿಯಿತು. 1992ರಿಂದ ಹಂತ ಹಂತವಾಗಿ ಪೂಲ್ ಸಡಿಲವಾಗಿ, 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ತಮ್ಮ ಕಾಫಿಯನ್ನು ತಾವೇ ಮಾರಬಹುದು ಅಂತಾಯಿತು. ಮೊದಲ ಕೆಲವು ವರ್ಷ ದರ ಚೆನ್ನಾಗಿತ್ತು, ಸಾಲವೂ ಸುಲಭವಾಗಿ ಸಿಕ್ಕಿತು. 2000ದ ನಂತರ ವಿಯೆಟ್ನಾಂ, ಬ್ರೆಜಿಲ್ ಕಾಫಿ ಮಾರುಕಟ್ಟೆಗೆ ತುಂಬಿ ದರ ದಶಕಗಳಲ್ಲೇ ಕೆಳಗೆ ಬಿತ್ತು. ಅದೇ ಹೊತ್ತಿಗೆ ಮೆಣಸಿನ ದರವೂ ಬಿತ್ತು, ಬಳ್ಳಿಗೆ ಸೊರಗು ರೋಗ ಬಂತು. ವಯನಾಡಿನಲ್ಲಿ ರೈತರ ಆತ್ಮಹತ್ಯೆಗಳು ನಡೆದದ್ದು ಆ ವರ್ಷಗಳಲ್ಲಿ. ಕೇರಳ ಸರ್ಕಾರ ರೈತರ ಸಾಲ ಪರಿಹಾರ ಆಯೋಗಕ್ಕೆ 2006ರಲ್ಲಿ ಕಾಯಿದೆ ಮಾಡಿದ್ದು ಅದರ ಬೆನ್ನಿಗೇ. 2024ರಲ್ಲಿ ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ ಬಂದು ರೊಬಸ್ಟಾ ದರ ದಶಕಗಳಲ್ಲಿ ಕಾಣದಷ್ಟು ಏರಿತು. ಅಲ್ಲಿನ ಬರ ಇಲ್ಲಿ ಮನೆಗೆ ಸುಣ್ಣ ಬಳಿಸಿತು. ಅದಕ್ಕೆ ಖುಷಿ ಪಡಬೇಕೋ ಏನೋ ನನಗೆ ತಿಳಿಯೋದಿಲ್ಲ.

6. ಸಾಹಿತ್ಯದಲ್ಲಿ ಕಾಣುವುದು

ಡಚ್ ಸಾಹಿತ್ಯದಲ್ಲಿ 1860ರಲ್ಲೇ ಮುಲ್ತಾತುಲಿ ಎಂಬ ಹೆಸರಿನಲ್ಲಿ ಬಂದ 'ಮ್ಯಾಕ್ಸ್ ಹಾವೆಲಾರ್' ಕಾದಂಬರಿ ಜಾವಾದ ಕಾಫಿಯ ಹಿಂದಿನ ಬಲವಂತವನ್ನು ಯುರೋಪಿನ ಮುಂದಿಟ್ಟಿತು. ಮಲಯಾಳಂನಲ್ಲಿ ವಯನಾಡಿಗೆ ಬಂದ ವಲಸೆಗಾರರ ಬಗ್ಗೆ ಎಸ್.ಕೆ. ಪೊಟ್ಟೆಕ್ಕಾಟ್ ಅವರ 'ವಿಷಕನ್ಯಕ' (1948) ಇದೆ. ತಿರುನೆಲ್ಲಿಯ ಅಡಿಯರ ಬದುಕಿನ ಬಗ್ಗೆ ಪಿ. ವತ್ಸಲಾ ಅವರ 'ನೆಲ್ಲು' ಇದೆ. ಕೆ.ಜೆ. ಬೇಬಿ ಅವರ 'ಮಾವೇಲಿಮನ್ರಂ' ಅಡಿಯರ ಚರಿತ್ರೆಯನ್ನೇ ಕಾದಂಬರಿಯಾಗಿ ಹೇಳುತ್ತದೆ.

ಕನ್ನಡದಲ್ಲಿ? ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಲೇ ಬರೆದ ಪೂರ್ಣಚಂದ್ರ ತೇಜಸ್ವಿ ಇದ್ದಾರೆ. ವಯನಾಡಿನ ವಿಷಯಕ್ಕೆ ಬಂದರೆ, 'ಎಡಕಲ್ಲು ಗುಡ್ಡದ ಮೇಲೆ' ಎಲ್ಲರಿಗೂ ಗೊತ್ತು. ಭಾರತೀಸುತರ ಕಾದಂಬರಿ, 1973ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ. ಆದರೆ ಆ ಎಡಕಲ್ಲು ಇರೋದು ವಯನಾಡಿನ ಅಂಬಲವಯಲ್ ಹತ್ತಿರ, ಸುತ್ತಲೂ ಕಾಫಿ ತೋಟಗಳ ನಡುವೆ ಅಂತ ನನ್ನ ಎಷ್ಟೋ ಗೆಳೆಯರಿಗೆ ಹೇಳಿದ ಮೇಲೆ ಗೊತ್ತಾದದ್ದು. ಹೆಸರು ಕನ್ನಡದ ನೆನಪಿನಲ್ಲಿ ಉಳಿದಿದೆ, ಜಾಗ ಉಳಿದಿಲ್ಲ.

7. ಹೊಸ ಕಾಗದಗಳು

2019ರಲ್ಲಿ 'ವಯನಾಡ್ ರೊಬಸ್ಟಾ'ಕ್ಕೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಸಿಕ್ಕಿತು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೂ ಅದೇ ಸಲ ಸಿಕ್ಕಿತು. ಅಂದರೆ ಊರಿನ ಹೆಸರು ಈಗ ಕಾಫಿಯ ಜೊತೆ ಕಾಗದದಲ್ಲಿದೆ. 2023ರಲ್ಲಿ ಐರೋಪ್ಯ ಒಕ್ಕೂಟ ಕಾಡು ಕಡಿದು ಬೆಳೆದ ಕಾಫಿಯನ್ನು ಕೊಳ್ಳದಿರಲು ನಿಯಮ ಮಾಡಿದೆ, ಜಾರಿಯ ದಿನ ಮುಂದಕ್ಕೆ ಹೋಗುತ್ತಲೇ ಇದೆ. ಅದರ ಪ್ರಕಾರ ಕಾಫಿ ಬೆಳೆದ ಒಂದೊಂದು ತುಂಡು ನೆಲವನ್ನೂ ನಕ್ಷೆಯಲ್ಲಿ ಗುರುತಿಸಿ ತೋರಿಸಬೇಕು. ಭಾರತದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚು 10 ಹೆಕ್ಟೇರ್‌ಗಿಂತ ಚಿಕ್ಕವು.

ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಆತಂಕ ಬೇರೆ. ಪಟ್ಟೆ ಇದ್ದವನು ನಕ್ಷೆ ತೋರಿಸ್ತಾನೆ. 2006ರ ಅರಣ್ಯ ಹಕ್ಕು ಕಾಯಿದೆಯ ಹಕ್ಕುಪತ್ರಕ್ಕಾಗಿ ಇನ್ನೂ ಕಾಯುತ್ತಿರುವ ಆದಿವಾಸಿ ಮನೆಯ ಮುಂದಿನ ಹತ್ತಿಪ್ಪತ್ತು ಕಾಫಿ ಗಿಡದ ಗತಿ ಏನು? ವಿನಾಯಿತಿಯ ಕಾಗದದಿಂದ ತಪ್ಪಿಹೋದವರೇ ಈಗ ನಕ್ಷೆಯ ಕಾಗದದಿಂದಲೂ ತಪ್ಪಿಹೋದರೆ, ಅದನ್ನು ನಾವು ಮುಂದೆ ಚರಿತ್ರೆ ಅಂತ ಓದ್ತೇವಾ?

ಹಾಗಾಗಿ ನನ್ನ ವಾದ ಇದು. ಕನ್ನಡದಲ್ಲಿ ಕಾಫಿಯ ಚರಿತ್ರೆ ಬೀಜ ಬಂದ ಕಥೆಯಿಂದ ಶುರುವಾಗಿ ದೊರೆಗಳ ತೋಟಕ್ಕೆ ಬಂದು ನಿಲ್ಲುತ್ತದೆ. ಅದನ್ನು ನೆಲ ಮತ್ತು ಕೂಲಿಯ ಕಡೆಯಿಂದ ಓದಿದರೆ ವಯನಾಡು, ಕೊಡಗು, ಗೂಡಲೂರು ಒಂದೇ ಅಧ್ಯಾಯವಾಗುತ್ತವೆ. ಆ ಅಧ್ಯಾಯಕ್ಕೆ ಸುರಿನಾಮ್ ಕೂಡ ಸೇರುತ್ತದೆ. ಅಲ್ಲಿನ ರಿಜಿಸ್ಟರ್ ನೋಡಿದಾಗಲೇ ನಮ್ಮಲ್ಲಿ ಏನಿಲ್ಲ ಅನ್ನೋದು ತಿಳಿಯೋದು. ಇಷ್ಟು ಹೇಳಿ ಮುಗಿಸ್ತೇನೆ.

ಚರ್ಚೆ

ಒಬ್ಬ ಅಧ್ಯಾಪಕರ ಪ್ರಶ್ನೆ: ಕಾಗದ ಇಲ್ಲ ಅಂತ ಮತ್ತೆ ಮತ್ತೆ ಹೇಳಿದಿರಿ. ಮೌಖಿಕ ಪರಂಪರೆಯೂ ಆಕರ ಅಲ್ಲವೇ?

ಖಂಡಿತ ಸರ್. ರಾವುಳರ ಗದ್ದಿಕದಂಥ ಆಚರಣೆಗಳಲ್ಲಿ, ಹಾಡುಗಳಲ್ಲಿ ಅವರ ನೆನಪು ಇದೆ. ನಾನು ಕಾಗದದ ಮೇಲೆ ಒತ್ತು ಕೊಟ್ಟದ್ದು ಪಟ್ಟೆ, ಸಾಲ, ವಿನಾಯಿತಿ ಎಲ್ಲ ಕಾಗದದ ಮೇಲೇ ತೀರ್ಮಾನ ಆಗೋದರಿಂದ. ಕಂದಾಯ ಕಚೇರಿಯಲ್ಲಿ ಹಾಡು ಸಾಕ್ಷಿಯಾಗೋದಿಲ್ಲ. ಚರಿತ್ರೆಯಲ್ಲಿ ಆಗಬೇಕು, ಅದನ್ನು ಒಪ್ತೇನೆ. ಅದನ್ನು ಕೇಳಿಸಿಕೊಳ್ಳಲು ರಾವುಳ ನುಡಿ ಬಲ್ಲ ಸಂಶೋಧಕರು ಬೇಕು. ಆ ಸಮುದಾಯದ ಒಳಗಿನಿಂದಲೇ ಬಂದರೆ ಇನ್ನೂ ಒಳ್ಳೆಯದು.

ಸಹಪಾಠಿಯೊಬ್ಬರ ಪ್ರಶ್ನೆ: ನಿಮ್ಮ ಮನೆಯಲ್ಲೂ ತೋಟ ಇದೆ ಅಂದಿರಿ. ಆ ಮಾಲೀಕರ ಸಾಲಿನಲ್ಲಿ ನೀವೂ ಇದ್ದೀರಲ್ಲ?

ಹೌದು, ಇದ್ದೇವೆ. ನಮ್ಮದು ಎರಡು ಎಕರೆ, ಪಟ್ಟೆ ಅಜ್ಜನ ಕಾಲದಲ್ಲಿ ಆದದ್ದು. ಡಿಸೆಂಬರ್, ಜನವರಿಯಲ್ಲಿ ಹಣ್ಣು ಕೊಯ್ಯಲು ಬರೋದು ಪಣಿಯರ ಹೆಂಗಸರು. ಅವ್ವ ಒಂದು ನೋಟ್‌ಬುಕ್ಕಿನಲ್ಲಿ ಯಾರು ಎಷ್ಟು ಕಿಲೋ ಕೊಯ್ದರು, ಎಷ್ಟು ಕೊಟ್ಟಾಯಿತು, ಎಷ್ಟು ಬಾಕಿ ಅಂತ ಬರೆದಿಡ್ತಾರೆ. ವರ್ಷ ಮುಗಿದ ಮೇಲೆ ಅದನ್ನು ಒಲೆಗೆ ಹಾಕ್ತಿದ್ದರು. ಈ ಪ್ರಬಂಧ ಬರೆಯೋಕೆ ಶುರು ಮಾಡಿದ ಮೇಲೆ ಸುಡಬೇಡಿ ಅಂತ ಹೇಳಿದ್ದೇನೆ. ಎರಡು ವರ್ಷದ್ದು ಈಗ ಪೆಟ್ಟಿಗೆಯಲ್ಲಿದೆ. ಅದೂ ಮಾಲೀಕರ ಕಾಗದವೇ. ಆದರೆ ಅದರಲ್ಲಿ ಹೆಸರುಗಳಿವೆ. ಇಂಥ ನೋಟ್‌ಬುಕ್ಕು ವಯನಾಡಿನ, ಕೊಡಗಿನ ಸಾವಿರಾರು ಮನೆಗಳಲ್ಲಿ ಇರಬೇಕು. ಅವನ್ನು ಸಂಗ್ರಹಿಸೋದು ಒಂದು ವಿದ್ಯಾರ್ಥಿ ಗುಂಪಿಗೆ ಆಗುವ ಕೆಲಸ ಅಂತ ನನಗೆ ಅನಿಸುತ್ತದೆ. ಹೆಸರು ಇರುವವರ ಒಪ್ಪಿಗೆ ಕೇಳಿಯೇ ಮಾಡಬೇಕು.

ಅಧ್ಯಕ್ಷರ ಪ್ರಶ್ನೆ: ಕೊಡಗಿನ ಕಡೆಯಿಂದ ಯಾರಾದರೂ ಜೊತೆ ಸೇರಿದರೆ ಈ ಕೆಲಸ ಶುರು ಮಾಡ್ತೀರಾ?

ಮಾಡ್ತೇನೆ ಮೇಡಂ. ಮುಂದಿನ ಕೊಯ್ಲಿಗೆ ಮೊದಲೇ ಆದರೆ ಒಳ್ಳೆಯದು. ಕೊಯ್ಲು ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ನೋಟ್‌ಬುಕ್ಕು ಉಳಿದಿರೋದಿಲ್ಲ.